ಹಲಗಿ ಕಾಕಾನ ಕಡೀ ನುಡಿ

ಕಾದ ತೊಗಲಿನ ವಾಸನೆ ಬಂದರೆ ನನ್ನ ಕಾಲು ಸುಮ್ಮನಿರುವುದಿಲ್ಲ. ಹೋದ ವಾರ ಯಾದಗಿರಿಯ ನಮ್ಮ ಓಣಿಯಲ್ಲಿ ಯಾವುದೋ ಮೆರವಣಿಗೆಗೆ ಬಂದವರು ರಟ್ಟು ಸುಟ್ಟು, ಬಡಿಯುವ ತೊಗಲಿನ ಹಲಗೆ ಕಾಯಿಸುತ್ತಿದ್ದರು. ಒಳಗೆ ಮಗಳು ಮೊಬೈಲನ್ನು ಗೋಡೆಗೆ ಒರಗಿಸಿಟ್ಟುಕೊಂಡು ಅದೇನೋ ಹಿಪ್‌ಹಾಪ್ ಕುಣಿಯುತ್ತಿದ್ದಳು. ಹೊರಗೆ ಪೆಟ್ಟು ಬಿದ್ದದ್ದೇ ತಡ, ಮೊಬೈಲಿನ ಹಾಡು ಬಿಟ್ಟು ಅದಕ್ಕೇ ಹೆಜ್ಜೆ ಹಾಕಿದಳು. ಮೂರು ಮುಂದೆ, ಒಂದು ಹಿಂದೆ, ಹಿಮ್ಮಡಿಯ ಮೇಲೆ ಅರ್ಧ ಸುತ್ತು.

"ಇದು ಆಫ್ರಿಕಾದ ಸ್ಟೆಪ್ಪು. ನಿನಗ ತಿಳಿಯಂಗಿಲ್ಲಪ್ಪ," ಅಂದಳು.

ತಿಳಿಯದೇ ಏನು... ಆ ಹೆಜ್ಜೆಯನ್ನು ನಮ್ಮೂರು ಸಗರದಲ್ಲಿ ನನಗೆ ಹಲಗಿ ಕಾಕಾ ಕಲಿಸಿದ್ದ.

ಕಾಕಾ ನಮ್ಮ ಪಕ್ಕದ ಮನೆಯವನು, ಒಕ್ಕಲುತನದವನು. ದಿನಾ ಹಣೆ ತುಂಬ ವಿಭೂತಿ, ಮೊಹರಂ ಬಂದರೆ ಹೆಗಲಿಗೆ ಹಲಗೆ. ಅವನಿಗೆ ಮೊಹರಂನಲ್ಲಿ ಹಾಡುವ ಪದ ಮತ್ತು ಹೆಜ್ಜೆ ಕಲಿಸಿದ ಉಸ್ತಾದರು ಶಹಾಪುರದಲ್ಲಿ ಹತ್ತಿ ಹಿಂಜುತ್ತಿದ್ದ ಸಾಬರು. ಇದರಲ್ಲಿ ವಿಶೇಷವೇನಿದೆ ಎಂದು ನಮ್ಮೂರಲ್ಲಿ ಯಾರೂ ಕೇಳಿದವರಲ್ಲ. ರೇಡಿಯೋದಲ್ಲಿ ಕವ್ವಾಲಿ ಬರಲಿ, ಇಂಗ್ಲಿಷ್ ಹಾಡು ಬರಲಿ, ಕಾಕಾ ಕಟ್ಟೆಯ ಮೇಲೆ ಬೆರಳು ಬಡಿದು ಹೇಳುತ್ತಿದ್ದ, "ಪೆಟ್ಟು ಎಲ್ಲಾ ಒಂದs ಅದಾವ. ಬಡಿಯೋ ಕೈ ಬ್ಯಾರೆ, ಅಷ್ಟs."

ಅವನದು ಒಂದೇ ಕಟ್ಟುನಿಟ್ಟು. ಮೊಹರಂ ಪದದ ಕಡೀ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಹಾಡುವವನು ತನ್ನ ಊರಿನ ಹೆಸರು, ಉಸ್ತಾದರ ಹೆಸರು ಹೇಳಲೇಬೇಕು. "ಕಾಲು ನಿನ್ನವು, ಹೆಜ್ಜಿ ಅವರವು. ಹೆಸರು ಹೇಳಲಾರದ ಬಿಟ್ಟರ ಕಳವು ಮಾಡಿದಂಗ."

ನಾನು ಶಹಾಪುರದಲ್ಲಿ ಪಿಯುಸಿ ಓದುವಾಗ ಕಾಲೇಜಿನ ಗ್ಯಾದರಿಂಗಿನಲ್ಲಿ ಕುಣಿದೆ. ಕಪ್ಪು ಕನ್ನಡಕ, ಗೆಳೆಯನ ಬೂಟು, ಇಂಗ್ಲಿಷ್ ಹಾಡು. ಹೆಜ್ಜೆ ಮಾತ್ರ ಪೂರಾ ಕಾಕಾನವು. ಮೊದಲನೇ ಬಹುಮಾನ ಬಂತು. ಕೊಡಲು ಬಂದ ಅತಿಥಿ ಮೈಕ್ ಹಿಡಿದು ಕೇಳಿದರು, "ಯಾರ ಕಡೆ ಕಲ್ತಿ ತಮ್ಮಾ?"

ಮುಂದೆ ಕಾಲೇಜಿನ ಹುಡುಗಿಯರೆಲ್ಲ ಕೂತಿದ್ದರು. ಹಲಗೆ, ಸಗರ, ಪಕ್ಕದ ಮನೆಯ ಒಕ್ಕಲುತನದವ... ನಾಚಿಕೆಯಾಯಿತು.

"ಟಿವಿ ನೋಡಿ ಕಲ್ತೇನ್ರಿ," ಅಂದೆ.

ಹೇಳಿದ ಮೇಲೆ ಕಂಡಿತು. ಕೊನೆಯ ಸಾಲಿನಲ್ಲಿ, ಮಡಿ ಧೋತರ ಉಟ್ಟು ಕಾಕಾ ಕೂತಿದ್ದ. ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಆ ವರ್ಷದ ಮೊಹರಂ. ಸಂಜೆ ಅಲಾಯಿ ಕುಣಿಯ ಬೆಂಕಿಯ ಸುತ್ತ ನಾನೂ ಎಂದಿನಂತೆ ಕುಣಿಯುತ್ತಿದ್ದೆ. ಪದ ಮುಗಿಯಲು ಬಂದಾಗ ಕಾಕಾ ಹಲಗೆಯ ಮೇಲೆ ಅಂಗೈ ಊರಿ ಸಪ್ಪಳ ನಿಲ್ಲಿಸಿದ.

"ಕಡೀ ನುಡಿ ಈ ಸಲ ಇವ ಹಾಡ್ತಾನ," ಎಂದು ನನ್ನ ಕಡೆ ತಿರುಗಿದ. "ಹಾಡಪಾ. ನಿಮ್ಮ ಉಸ್ತಾದರ ಹೆಸರು ಹಾಕಿ ಹಾಡು. ಟಿವಿ ಸಾಹೇಬರದು."

ಊರೇ ನಕ್ಕಿತು. ಕಾಕಾ ನಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ. ಅವನ ಹೆಸರು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಅಷ್ಟಕ್ಕೇ ಅವನು ಕಾಯುತ್ತಿದ್ದ ಅಂತ ನನಗೆ ಗೊತ್ತಿತ್ತು. ಆದರೂ ಜನರನ್ನು ಸರಿಸಿಕೊಂಡು ಹೊರಟುಬಿಟ್ಟೆ. ಬೆನ್ನ ಹಿಂದೆ ಹಲಗೆ ಮತ್ತೆ ಶುರುವಾಯಿತು. ಕಾಕಾ ತನ್ನ ಉಸ್ತಾದರ ಹೆಸರು ಹಾಕಿ ತಾನೇ ಮುಗಿಸಿದ.

ಮುಂದಿನ ಮೊಹರಂಗೆ ಪರೀಕ್ಷೆಯ ನೆಪ. ಆಮೇಲೆ ಸುರಪುರದಲ್ಲಿ ನೌಕರಿಯ ನೆಪ. ಬರುವ ವರ್ಷ ಹೋಗಿ ಹಾಡಿದರಾಯಿತು ಅಂದುಕೊಳ್ಳುತ್ತಲೇ ಇದ್ದೆ... ಕಾಕಾ ಹೋದ ಸುದ್ದಿ ಬಂದಾಗ ಮಣ್ಣೂ ಆಗಿತ್ತು.

ಹೋದ ವಾರ ನಾನು ಕುರ್ಚಿಯಿಂದ ಎದ್ದು ಮಗಳ ಪಕ್ಕ ನಿಂತೆ. ಮೂರು ಮುಂದೆ, ಒಂದು ಹಿಂದೆ, ಅರ್ಧ ಸುತ್ತು. ಮೊಣಕಾಲು ನೋವಾಯಿತು, ಹೆಜ್ಜೆ ತಪ್ಪಲಿಲ್ಲ. ಅವಳು ಬಾಯಿ ತೆರೆದು ನಿಂತಳು.

"ಅಪ್ಪಾ, ಯಾರು ಕಲಿಸಿದ್ರು ನಿನಗ?"

ಹೇಳಿದೆ. ಹೆಸರು ಹೇಳಿದೆ, ಊರೂ ಹೇಳಿದೆ. ಅವಳು ಆಗಲೇ ಮೊಬೈಲ್ ಕೈಗೆತ್ತಿಕೊಂಡಿದ್ದಳು.

"ಅವರವು ವಿಡಿಯೋ ಅದಾವೇನು?"

"ಇಲ್ಲವ್ವ. ಎಲ್ಲೂ ಇಲ್ಲ."

ಹಲಗೆಯವರು ಮುಂದಿನ ಓಣಿಗೆ ಹೋಗಿದ್ದರು. ಕಡೀ ನುಡಿಯನ್ನಾದರೂ ಅವಳಿಗೆ ಕೇಳಿಸೋಣವೆಂದು ಬಾಯಿ ತೆರೆದೆ. ಕಾಕಾನ ಹೆಸರು ಬಂತು. ರಾಗ ಬರಲಿಲ್ಲ.