ದೊಡ್ಡವ್ವನ ಹೊಲಕ್ಕೆ ಸಾಕ್ಷಿ ಹುಡುಕಿಕೊಂಡು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಬೆಳಿಗ್ಗೆ ಆರಕ್ಕೆ ನಾನು, ದೊಡ್ಡವ್ವ ಹನುಮವ್ವ ಕೂಡ್ಲಿಗಿ ಬಿಟ್ಟೆವು. ಅಂಚೆ ಕಚೇರಿಯ ಕೆಲಸಕ್ಕೆ ಎರಡು ದಿನ ರಜೆ ಹಾಕಿದ್ದೆ. ಹರಪನಹಳ್ಳಿ ತಾಲ್ಲೂಕಿನ ಅವಳ ಊರಲ್ಲಿ ಎರಡೆಕರೆ ಹೊಲವಿತ್ತು. ಅವಳ ಮಾವನ ಕಾಲದಿಂದ ಆ ಮನೆಯವರು ಗುಡಿಯ ಅಂಗಳವನ್ನು ಕೂಲಿಯಿಲ್ಲದೆ ಗುಡಿಸುತ್ತಿದ್ದರು. ಒಳಗೆ ಕಾಲಿಡುವಂತಿಲ್ಲ, ಹೊರಗಿನ ಕಸ ಮಾತ್ರ ಅವರದು. ಈ ವರ್ಷ ದೊಡ್ಡವ್ವ ಪೊರಕೆ ಬಿಸಾಕಿದಳು. "ದೇವರ ಸೇವಾ ಬಿಟ್ರ ದೇವರ ಹೊಲಾನೂ ಬಿಡು" ಎಂದರು ಊರ ಹಿರಿಯರು. ಬಿಳಿಯರ ಕಾಲದಲ್ಲಿ ಗುಡಿಯ ಆಡಳಿತವೂ ಕಲೆಕ್ಟರನ ಕೈಯಲ್ಲಿತ್ತು, ಬಿಟ್ಟಿ ಚಾಕರಿಗೂ ಅವನದೇ ಹುಕುಂ. ಹೊಲ ಸಿಕ್ಕಿದ್ದು ಸರ್ಕಾರಿ ಚಾಕರಿಗೆ ಎಂದಾದರೆ ಈಗಿನ ಕಾನೂನಿನಂತೆ ಅದು ಚಾಕರಿ ಮಾಡಿದ ಮನೆಯವರಿಗೇ ಉಳಿಯುತ್ತಿತ್ತು; ಅದನ್ನು ನಾವು ತಹಶೀಲ್ದಾರರಿಗೆ ತೋರಿಸಬೇಕಿತ್ತು.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಹತ್ತೂವರೆಗೆ ಹರಪನಹಳ್ಳಿ ಮುಟ್ಟಿದೆವು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಕಚೇರಿಯಲ್ಲಿ ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಮಾವನ ಹಿತ್ತಾಳೆ ಬಿಲ್ಲೆ ತೆಗೆದಳು. ಚಾಕರಿಯ ಗುರುತಿಗೆ ಸರ್ಕಾರವೇ ಹೆಸರು ಕೆತ್ತಿಸಿ, ನಡುಪಟ್ಟಿಗೆ ಹಾಕಿಕೊಳ್ಳಲು ಕೊಟ್ಟದ್ದು. ಗುಮಾಸ್ತ ತಿರುವಿ ತಿರುವಿ ನೋಡಿದ.

"ಇದರಾಗ ಅಕ್ಷರನೇ ಇಲ್ಲಲ್ಲವ್ವ?"

"ಜಗಲಿ ಮ್ಯಾಲೆ ದೇವರಂಗ ಇಟ್ಟಿದ್ವಿರಿ. ಸೋಮಾರಕ್ಕೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕಿ ಪೂಜಿ ಮಾಡೀವಿ."

ನನಗೆ ಅಳುವೇ ಬಂತು. ಶಾಲೆಯ ರಜೆಯಲ್ಲಿ ಅವಳ ಮನೆಗೆ ಹೋದಾಗ ನಾನೂ ಅದನ್ನು ತಿಕ್ಕಿ ಕೈ ಮುಗಿದವನೇ. ಗುಮಾಸ್ತ ಒಳ್ಳೆಯವನು. "ನಾಳೆ ಹನ್ನೊಂದಕ್ಕ ವಿಚಾರಣಿ ಐತಿ. ನಿಮ್ಮೂರ ಹಳೇ ಶಾನುಭೋಗರು ಹಡಗಲಿಯಾಗ ಮಗನ ಮನ್ಯಾಗ ಅದಾರ, ಕೇಳಿ ನೋಡ್ರಿ" ಎಂದ.

ಹಡಗಲಿ ಬಸ್ಸಿನಲ್ಲಿ ನಿಂತೇ ಹೋದೆವು. ಶಾನುಭೋಗರು ಪೆಟ್ಟಿಗೆಯಿಂದ ಹಳೆಯ ಸರ್ಕಾರಿ ಹುಕುಮಿನ ನಕಲೊಂದನ್ನು ತೆಗೆದು ಓದಿದರು: ಗುಡಿಯ ಅಂಗಳ ಗುಡಿಸುವುದು, ಸಾಹೇಬರ ಡೇರೆಗೆ ನೀರು ಹೊರುವುದು, ಈ ಚಾಕರಿಗೆ ಎರಡೆಕರೆ.

"ದೇವರ ಕಸ, ಸಾಹೇಬನ ನೀರು, ಎರಡೂ ಒಂದ ಸಾಲಿನ್ಯಾಗ ಅದಾವ ನೋಡವ್ವ" ಎಂದರು. ಆಮೇಲೆ ತಲೆ ತಗ್ಗಿಸಿ, "ನಿಮ್ಮತ್ತಿ ಕಡಿಂದ ನಾನೂ ಬಿಟ್ಟಿ ಮಾಡ್ಸೀನಿ" ಎಂದರು.

"ಅದರಾಗ ಹೆಸರು ಯಾರದ್ರಿ?" ಎಂದಳು ದೊಡ್ಡವ್ವ.

"ನಿನ್ನ ಮಾವಂದು."

ಅವಳು ಕಾಗದ ಇಸಿದುಕೊಂಡು ಸೆರಗಿನಲ್ಲಿ ಗಂಟು ಹಾಕಿದಳು.

ಮರುದಿನ ತಹಶೀಲ್ದಾರರು ನಕಲನ್ನು ಓದಿ, ಇದು ಚಾಕರಿ ಹೊಲ, ಗುಡಿಯದಲ್ಲ, ನಿಮಗೇ ಬರುತ್ತದೆ ಎಂದರು. ನನ್ನ ಜೀವ ತಣ್ಣಗಾಯಿತು. ಹೇಳಿಕೆಯ ಕಾಗದ ಮುಂದಿಟ್ಟಾಗ ದೊಡ್ಡವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಕಸ ಹೊಡದಾಕಿ ನಮ್ಮತ್ತಿ ಕೆಂಚವ್ವರಿ. ನೀರು ಹೊತ್ತಾಕಿನೂ ಆಕಿನೇ. ಮಾವ ಬಿಲ್ಲಿ ಹಾಕ್ಕೊಂಡು ಮುಂದ ನಡೀತಿದ್ದ, ಅಷ್ಟ. ಆಕಿ ಹೆಸರು ಬರ್ಕೊಳ್ರಿ."

"ಕಾನೂನಿಗೆ ಅದು ಬೇಕಿಲ್ಲಮ್ಮ."

"ನನಗ ಬೇಕ್ರಿ. ಬರೀದಿದ್ರ ಹೆಬ್ಬೆಟ್ಟು ಒತ್ತಂಗಿಲ್ಲ."

ಕೈಗೆ ಬಂದ ಹೊಲ ಹೋದೀತೆಂದು ನಾನು ಅವಳ ಮೊಣಕೈ ತಿವಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಹಶೀಲ್ದಾರರು ಪೆನ್ನು ತೆಗೆದು ಬರೆದರು. ಅದನ್ನು ಗಟ್ಟಿಯಾಗಿ ಓದಲು ದೊಡ್ಡವ್ವ ನನಗೆ ಹೇಳಿದಳು. ಕೆಂಚವ್ವ ಎಂಬಲ್ಲಿಗೆ ಬಂದಾಗ, "ಇನ್ನೊಮ್ಮಿ ಓದೋ" ಎಂದಳು. ಓದಿದೆ.

ಆಮೇಲೆ ಹೆಬ್ಬೆಟ್ಟು ಮುಂದೆ ಚಾಚಿದಳು.