ರಸ್ತೆ ಮುಟ್ಟದ ಕುಸಿತಗಳು

ಅವರ ಎಡಗಾಲು ಬಲಗಾಲಿಗಿಂತ ಎರಡು ಬೆರಳಷ್ಟು ಗಿಡ್ಡ. ಹಿನಕಲ್‌ನ ಸಮತಟ್ಟು ಬೀದಿಯಲ್ಲೂ ಗುಡ್ಡದ ಓರೆಯಲ್ಲಿ ನಡೆಯುವವರಂತೆ ಒಂದು ಕಡೆ ವಾಲಿಕೊಂಡೇ ನಡೆಯುತ್ತಿದ್ದರು. ಮೂವತ್ತೈದು ವರ್ಷ ಕಾಡಿನಲ್ಲಿ ಗಾರ್ಡ್ ಆಗಿದ್ದು, ನಿವೃತ್ತರಾದ ಮೇಲೆ ಮಗಳ ಮನೆಯಲ್ಲಿದ್ದರು. ಗಾರ್ಡ್ ಸಾಹೇಬ್ರೇ ಎಂದರೆ ನಗುತ್ತಿದ್ದರು. ಸಾಹೇಬರು ಜೀಪಿನಲ್ಲಿ ಬರುವವರು, ತಾನು ನಡೆದೇ ಸವೆದವನು ಎನ್ನುತ್ತಿದ್ದರು.

ನಾನಾಗ ಸಂಖ್ಯಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮರ ನೆಟ್ಟು, ಬೆಳೆಸಿ, ಕಡಿಯುವ ನೆಡುತೋಪುಗಳಲ್ಲಿ ಮುಂದೆ ಯಾವ ಗುಡ್ಡ ಕುಸಿಯಬಹುದೆಂದು ಹಳೆಯ ಕುಸಿತಗಳ ದಾಖಲೆಯಿಂದ ಅಂದಾಜು ಮಾಡುವುದು ನನ್ನ ಕೆಲಸ. ಜಯಲಕ್ಷ್ಮಿಪುರಂನ ಬಾಡಿಗೆ ಕೋಣೆಯಿಂದ ನಕ್ಷೆ ಸುತ್ತಿಕೊಂಡು, ಆ ಕಾಡು ಬಲ್ಲವರಿಗೆ ತೋರಿಸೋಣವೆಂದು ಹೆಮ್ಮೆಯಿಂದಲೇ ಅವರಲ್ಲಿಗೆ ಹೋಗಿದ್ದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅಪಾಯದ ಕೆಂಪು ಬಣ್ಣವೆಲ್ಲ ರಸ್ತೆಗಳ ಪಕ್ಕದಲ್ಲೇ ಇತ್ತು.

“ಕಾಡೊಳಗೆ ಜಾರಿದ್ದನ್ನ ಯಾರು ಬರ್ಕೋತಾರಮ್ಮ? ರಸ್ತೆ ಮುಚ್ಚಿದ್ರೆ ತಾನೇ ದಾಖಲೆ,” ಎಂದರು.

ನನ್ನ ಎರಡು ವರ್ಷದ ದುಡಿಮೆ ಅರ್ಧ ಸತ್ಯವೆಂದು ಆಗ ತಿಳಿಯಿತು. ಆಮೇಲೆ ಪ್ರತಿ ಭಾನುವಾರ ಅವರು ನೆನಪಿನಿಂದ ಒಂದೊಂದೇ ಜಾಗ ಗುರುತಿಸುತ್ತಾ ಹೋದರು: ಅಲ್ಲಿ ಮರ ಕಡಿದದ್ದು ಯಾವಾಗ, ಎಷ್ಟು ಮಳೆಗಾಲ ಕಳೆದ ಮೇಲೆ ಮಣ್ಣು ಜಾರಿತು. ಕಡಿದ ಕೂಡಲೇ ಏನೂ ಆಗುವುದಿಲ್ಲ, ಬೇರು ಕೊಳೆತ ಮೇಲೆ ಗುಡ್ಡ ಸಡಿಲವಾಗುತ್ತದೆ ಎಂದು ಕಲಿಸಿದವರು ಅವರೇ. ಖಚಿತವಿಲ್ಲದ ಒಂದು ಚುಕ್ಕೆಯನ್ನೂ ಹಾಕಲು ಬಿಡುತ್ತಿರಲಿಲ್ಲ.

ಕೊನೆಯ ಭಾನುವಾರ ಒಂದು ಜಾಗದ ಮೇಲೆ ಬೆರಳಿಟ್ಟರು. ಗುಡ್ಡ ಜಾರಿ ಅವರ ಕಾಲು ಮುರಿದದ್ದು ಅಲ್ಲಿ. ಜೊತೆಗೆ ಕಾಡು ಕಾಯುತ್ತಿದ್ದ ವಾಚರ್ ಸತ್ತದ್ದೂ ಅಲ್ಲೇ.

“ನೆಲ ಬಿರುಕು ಬಿಟ್ಟಿದ್ದು ಕಂಡಿದ್ದೆ ಕಣಮ್ಮ. ಆದ್ರೂ ಅವನನ್ನ ಅದರ ಮೇಲೇ ನಡೆಸ್ಬುಟ್ಟೆ. ಭಯಕ್ಕೆ, ಮರ ಬಿದ್ದು ಸತ್ತ ಅಂತ ಬರೆದುಕೊಟ್ಟೆ. ಈಗ ಸರಿಯಾಗಿ ಬರ್ಕೋ.”

ಬರೆದುಕೊಂಡೆ. ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ.

ಅವರು ಹೇಳಿದ ಜಾಗಗಳನ್ನೆಲ್ಲ ಸೇರಿಸಿದಾಗ ನಕ್ಷೆಯೇ ಬದಲಾಯಿತು. ಕೆಂಪು ಕಾಡಿನೊಳಕ್ಕೆ ಹರಡಿ, ಕೂಲಿಯವರ ಶೆಡ್ಡೊಂದರ ಮೇಲಿನ ಇಳಿಜಾರನ್ನೂ ಆವರಿಸಿತ್ತು. ಅದನ್ನು ನೋಡಿದ ಅಧಿಕಾರಿಗಳು ಮಳೆಗೆ ಮೊದಲೇ ಶೆಡ್ಡನ್ನು ಬೇರೆ ಕಡೆ ಹಾಕಿಸಿದರು. ಆಗಸ್ಟಿನಲ್ಲಿ ಆ ಗುಡ್ಡ ಜಾರಿತು. ಶೆಡ್ಡಿದ್ದಲ್ಲಿ ಆಳೆತ್ತರ ಮಣ್ಣು. ಹನ್ನೊಂದು ಜನ ಬದುಕಿ ಉಳಿದರು.

ಸುದ್ದಿ ಹೇಳಲೆಂದು ಹಿನಕಲ್‌ಗೆ ಓಡಿದೆ. ಅವರು ಎದೆನೋವಿನಿಂದ ತೀರಿಕೊಂಡು ಒಂಬತ್ತು ದಿನವಾಗಿತ್ತು. ಮಗಳ ಬಳಿ ನನ್ನ ನಂಬರ್ ಇರಲಿಲ್ಲ. ಬಾಗಿಲಲ್ಲೇ ನಿಂತು ಆಕೆಗೆ ಎಲ್ಲ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಮಳೆ ಜೋರಾದ ದಿನ ಅಪ್ಪ ಊಟಾನೇ ಮಾಡ್ತಿರ್ಲಿಲ್ಲ ಕಣ್ರೀ. ಈ ಮಾತು ಕಿವಿಗೆ ಬಿದ್ದಿದ್ರೆ ಎರಡು ತುತ್ತಾದ್ರೂ ತಿಂತಿದ್ರು.”