ಮೀಟರಕ್ಕ ಕತ್ತರಿಸಿದ ಐದು ಬಿಲ್ಲೆ

ಮೀಟರಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾಳೆ, ಆಮೇಲೆ ಬಾಯಿ ತೆಗೆಯುತ್ತಾಳೆ. ವಿಮಾನ ಹಾರಿಸಲು ಕಲಿಸುವ ಆ ಶಾಲೆಯಲ್ಲಿ ಕನ್ನಡಕ ಮೇಜಿಗೆ ತಾಗಿದ ಸದ್ದು ಕೇಳಿದರೆ ಸಾಕು, ಕಸ ಗುಡಿಸುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಬೇರೆಲ್ಲೋ ತುರ್ತು ಕೆಲಸ ನೆನಪಾಗುತ್ತಿತ್ತು.

ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಒಂದೇ, ವಿಮಾನದ ಮೀಟರುಗಳ ರಿಪೇರಿ. ಎತ್ತರದ್ದು, ವೇಗದ್ದು, ದಿಕ್ಕಿನದು, ಏರಿಳಿತದ್ದು, ಮತ್ತೆ ವಿಮಾನ ನೆಟ್ಟಗಿದೆಯೋ ವಾಲಿದೆಯೋ ಅಂತ ತೋರಿಸುವುದು. ಈ ಕೊನೆಯದಕ್ಕೆ ಅವಳೇ 'ವಾಲುಮೀಟರು' ಅಂತ ಹೆಸರಿಟ್ಟಿದ್ದಳು. ಧೂಳು ಹಾರುತ್ತದೆಂದು ಕೋಣೆಯಲ್ಲಿ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಬಿಳಿ ಬಟ್ಟೆ ಹಾಸಿ, ಬೆವರು ಒರೆಸಿಕೊಳ್ಳುತ್ತಾ, ಭೂತಗನ್ನಡಿಯ ಕೆಳಗೆ ಕೂದಲೆಳೆಯಷ್ಟು ತೆಳ್ಳಗಿನ ಮುಳ್ಳುಗಳನ್ನು ಕೂರಿಸುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅದೇ ಬಿಳಿ ಬಟ್ಟೆಯ ಮೇಲೆ ಒಂದು ನಜ್ಜುಗುಜ್ಜಾದ ವಾಲುಮೀಟರು ಬಂದು ಕೂತಿತ್ತು. ಒಬ್ಬನೇ ಹಾರುತ್ತಿದ್ದ ವಿದ್ಯಾರ್ಥಿ ಮೋಡದೊಳಗೆ ಹೊಕ್ಕು ಗುಡ್ಡಕ್ಕೆ ಬಡಿದಿದ್ದ. ವಿಚಾರಣೆಗೆ ಬಂದವರು ಮೂರು ದಿನ ಇವಳನ್ನೇ ಕೂರಿಸಿಕೊಂಡು ಕೇಳಿದರು: 'ನೀವು ರಿಪೇರಿ ಮಾಡಿದ್ದು ಸರಿಯಾಗಿತ್ತೇನಮ್ಮ?' ಅವಳು ಅವರ ಎದುರೇ ಅದನ್ನು ಬಿಚ್ಚಿದಳು. ಒಳಗಿನ ಚಕ್ರದ ಮೇಲಿನ ಗೀರುಗಳೇ ಸಾಕ್ಷಿ ಹೇಳಿದವು, ಬಡಿಯುವ ಕ್ಷಣದವರೆಗೂ ಅದು ಸರಿಯಾಗಿ ತಿರುಗುತ್ತಿತ್ತು. ಮೋಡದೊಳಗೆ ಮೈ ಸುಳ್ಳು ಹೇಳುತ್ತದೆ, ವಾಲಿದ್ದರೂ ನೆಟ್ಟಗಿದ್ದೀನಿ ಅನ್ನಿಸುತ್ತದೆ. ಮೀಟರು ನಿಜ ಹೇಳಿತ್ತು. ಅದನ್ನು ನಂಬಬೇಕು ಅಂತ ಆ ಪಾಪದವನಿಗೆ ಯಾರೂ ಕಲಿಸಿರಲಿಲ್ಲ. ಆ ಸಿಟ್ಟು ಅವಳಿಗೆ ಇವತ್ತಿಗೂ ಆರಿಲ್ಲ.

ಹಾಗಿರುವಾಗ ಅವಳ ಒಬ್ಬಳೇ ಮಗಳು ಅದೇ ಶಾಲೆಗೆ ಹಾರಲು ಸೇರಿದಳು. ಮೊದಲ ದಿನವೇ ಮೀಟರಕ್ಕ ದೊಡ್ಡ ಮೇಷ್ಟ್ರ ಮುಂದೆ ಹೋಗಿ ನಿಂತಳು. ಅವರು ಅಲ್ಲಿ ಎಲ್ಲರಿಗಿಂತ ಹಳಬರು.

"ಮೇಷ್ಟ್ರೇ, ನನ್ನ ಮಗಳಿಗೆ ಮೀಟರ್ ನೋಡ್ಕೊಂಡು ಹಾರೋದನ್ನ ಮೊದಲೇ ಕಲಿಸಿ."

"ಈಗಲೇ ಯಾಕಕ್ಕಾ? ಮೊದಲು ಕಿಟಕಿಯಿಂದ ಹೊರಗೆ ನೋಡೋದು ಕಲೀಲಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದು ಬೇಡ."

"ಹಂಗಾದ್ರೆ ಬೆಂಕಿ ಬಿದ್ಮೇಲೆ ಬಾವಿ ತೋಡೋಣ ಅಂತೀರಾ?"

"ಮೋಡದಿಂದ ಹೊರಗೆ ಬರೋಷ್ಟು ಕಲಿಸ್ತೀನಿ, ಅದು ನನ್ನ ಜವಾಬ್ದಾರಿ. ಮೋಡದೊಳಗೆ ಹೋಗೋಷ್ಟು ಈಗ ಬೇಡ."

ಕನ್ನಡಕ ಮೇಜಿಗೆ ತಾಗಿತು. ದೊಡ್ಡ ಮೇಷ್ಟ್ರಿಗೆ ಇನ್ನೊಂದು ಚಾಳಿ ಇತ್ತು. ಹೊಸಬರು ಹಾರುವಾಗ ಅವರ ಕಣ್ಣು ಹೊರಗೇ ಇರಲಿ ಅಂತ ರಬ್ಬರ್ ಬಿಲ್ಲೆ ಅಂಟಿಸಿ ಮೀಟರುಗಳನ್ನೇ ಮುಚ್ಚಿಬಿಡುತ್ತಿದ್ದರು. ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸರಿಮಾಡಿದ್ದನ್ನು ಇವರು ಮುಚ್ಚುವುದೆಂದರೇನು! ಅದನ್ನೂ ಇದನ್ನೂ ಸೇರಿಸಿ ಅವತ್ತು ಮೇಷ್ಟ್ರ ನೀರಿಳಿಸಿ, ಮಗಳನ್ನು ಸೀದಾ ಚಿಕ್ಕ ಮೇಷ್ಟ್ರ ಹತ್ತಿರ ಸೇರಿಸಿದಳು. ಚಿಕ್ಕ ಮೇಷ್ಟ್ರು ಹೊಸಗಾಲದವರು. ಒಟ್ಟು ಹತ್ತು ಗಂಟೆ ಹಾರುವಷ್ಟರಲ್ಲೇ ಹುಡುಗಿಯ ತಲೆಗೆ ಮುಂದೆ ಚಾಚಿದ ಟೋಪಿ ಹಾಕಿ, ಹೊರಗೇನೂ ಕಾಣದಂತೆ ಮಾಡಿ, ಬರೀ ಮೀಟರ್ ನೋಡಿಕೊಂಡು ಹಾರಿಸಿದರು. ದೊಡ್ಡ ಮೇಷ್ಟ್ರು "ನಿಮ್ಮಿಷ್ಟ" ಅಂದುಬಿಟ್ಟರು.

ಮಗಳು ಚುರುಕು. ನಾಲ್ಕು ತಿಂಗಳಲ್ಲಿ ಮುಳ್ಳು ಅಲುಗದಂತೆ ಹಾರಿಸತೊಡಗಿದಳು. ಊಟಕ್ಕೆ ಕೂತಾಗಲೆಲ್ಲ ಅಮ್ಮನಿಗೆ ಅದನ್ನೇ ಕೇಳುವ ಆಸೆ. ಇನ್ನು ಇವಳು ಮೋಡಕ್ಕೆ ಸಿಕ್ಕಿ ಸಾಯುವುದಿಲ್ಲ ಅಂತ ಅವಳಿಗೆ ಧೈರ್ಯ ಬಂದಿತ್ತು.

ಒಬ್ಬಳೇ ದೂರ ಹಾರಲು ಬಿಡುವ ಮುಂಚೆ ದೊಡ್ಡ ಮೇಷ್ಟ್ರೇ ಪರೀಕ್ಷೆ ಮಾಡಬೇಕು, ಅದು ಶಾಲೆಯ ಕಟ್ಟಳೆ. ಅವತ್ತು ಆ ವಿಮಾನದಲ್ಲಿ ಹೊಸದಾಗಿ ಕೂರಿಸಿದ ವಾಲುಮೀಟರನ್ನು ಮೇಲೆ ಹೋಗಿ ನೋಡುವುದೂ ಇತ್ತು. ಹಾಗಾಗಿ ಮೀಟರಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಬೆಳಗಿನ ಹೊತ್ತು, ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಮಗಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಎತ್ತರದ ಮುಳ್ಳು ಮೊಳೆ ಹೊಡೆದಂತೆ ನಿಂತಿತ್ತು. 'ನೋಡ್ಕೊಳ್ಳಿ ಮೇಷ್ಟ್ರೇ, ಯಾರ ಮಗಳು!' ಅಂತ ಮನಸ್ಸಿನಲ್ಲೇ ಬೀಗಿದಳು. ಬೀಗುತ್ತಲೇ ಎಡಗಡೆ ಕಿಟಕಿಯತ್ತ ತಿರುಗಿದಳು. ಅಲ್ಲೊಂದು ಹಳದಿ ಚುಕ್ಕೆ. ಚುಕ್ಕೆ ಪಕ್ಕಕ್ಕೆ ಸರಿಯಲಿಲ್ಲ, ಇದ್ದಲ್ಲೇ ದೊಡ್ಡದಾಯಿತು. ಅದಕ್ಕೆ ರೆಕ್ಕೆ ಕಂಡಿತು.

ಮಗಳ ತಲೆ ಬಗ್ಗಿಯೇ ಇತ್ತು.

"ಅಯ್ಯಯ್ಯೋ, ನೋಡೇ! ನೋಡೇ ಅಲ್ಲಿ!"

ಹುಡುಗಿಯ ಕಣ್ಣು ಎತ್ತರದ ಮೀಟರಿಗೆ ಹೋಯಿತು, ವೇಗಕ್ಕೆ ಹೋಯಿತು, ದಿಕ್ಕಿಗೆ ಹೋಯಿತು, ಏರಿಳಿತಕ್ಕೆ ಹೋಯಿತು, ವಾಲುಮೀಟರಿಗೆ ಬಂತು. "ಏನಾಯ್ತಮ್ಮಾ? ಎಲ್ಲಾ ಸರಿಯಾಗೇ ಇದೆಯಲ್ಲ!"

ದೊಡ್ಡ ಮೇಷ್ಟ್ರ ಕೈ ಆಗಲೇ ಹಿಡಿಕೆಯ ಮೇಲಿತ್ತು. ವಿಮಾನ ಬಲಕ್ಕೆ ಹೊರಳಿ ಕೆಳಗಿಳಿಯಿತು. ಹಳದಿ ವಿಮಾನ ತಲೆಯ ಮೇಲೆ ಹಾದು ಹೋಯಿತು. ಅದರ ಚಕ್ರಗಳು ಮೀಟರಕ್ಕನಿಗೆ ಕಂಡವು.

ಇಳಿದ ಮೇಲೆ ಅವಳ ಬಾಯಿಗೆ ಕಡಿವಾಣವೇ ಇರಲಿಲ್ಲ.

"ನಿಮಗೆ ಮೊದಲೇ ಕಂಡಿತ್ತಾ?"

"ಕಂಡಿತ್ತು. ಇವಳು ನೋಡ್ತಾಳಾ ಅಂತ ಕಾಯ್ತಿದ್ದೆ."

"ಕಾಯ್ತಿದ್ರಾ? ನನ್ನ ಮಗಳ ಜೀವ ಇಟ್ಕೊಂಡು ಪರೀಕ್ಷೆನಾ? ಥೂ ನಿಮ್ಮ!"

"ಇವತ್ತು ನನ್ನ ಕೈ ಇತ್ತಕ್ಕಾ. ನಾಳೆ ಇವಳೊಬ್ಬಳೇ."

ಕನ್ನಡಕ ತೆಗೆಯಲು ಕೈ ಎತ್ತಿದಳು. ಅದು ಆಗಲೇ ಕೈಯಲ್ಲಿತ್ತು. ಚಿಕ್ಕ ಮೇಷ್ಟ್ರು ಕಂಡದ್ದೇ ತಡ, ಅವರಿಗೂ ಬಿತ್ತು. ಆದರೆ ಬೈಯುತ್ತಾ ಬೈಯುತ್ತಾ ಅವಳಿಗೇ ಗೊತ್ತಾಗುತ್ತಿತ್ತು, ಈ ಬೈಗುಳ ಯಾರಿಗೆ ಸಲ್ಲಬೇಕು ಅಂತ. ಹಟ ಹಿಡಿದು ಮಗಳನ್ನು ಅಲ್ಲಿಗೆ ಸೇರಿಸಿದವಳು ಯಾರು? ಸತ್ತವನ ಮೋಡವನ್ನು ತಂದು ಮಗಳ ಕಣ್ಣಿಗೆ ಕಟ್ಟಿದವಳು ಯಾರು? ಮಾಡಿದ್ದುಣ್ಣೋ ಮಹರಾಯ! ತನ್ನ ಮೇಲೆ ಅಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿರಲಿಲ್ಲ.

ಮಧ್ಯಾಹ್ನ ಊಟ ಮಾಡಲಿಲ್ಲ. ಹಳೇ ಟೈರಿನ ಟ್ಯೂಬು ತಂದು ಬಿಳಿ ಬಟ್ಟೆಯ ಮೇಲೆ ಹಾಕಿ, ಅಳತೆ ಹಿಡಿದು ಬಿಲ್ಲೆ ಕತ್ತರಿಸಿದಳು. ನಾಲ್ಕಾಯಿತು. ಐದನೆಯದು ವಾಲುಮೀಟರಿನದು. ಅದಕ್ಕೆ ಕತ್ತರಿ ಹಿಡಿದು ತುಂಬಾ ಹೊತ್ತು ಕೂತಿದ್ದಳು. ಆಮೇಲೆ ಅದನ್ನೂ ಕತ್ತರಿಸಿದಳು.

ಮರುದಿನ ವಿಮಾನದೊಳಗೆ ಬಗ್ಗಿ ಒಂದೊಂದಾಗಿ ಅಂಟಿಸುವಾಗ ಮಗಳಿಗೆ ಅಳು, ಸಿಟ್ಟು ಎರಡೂ ಬಂತು. "ನೀನು ರಿಪೇರಿ ಮಾಡಿದ್ದನ್ನ ನೀನೇ ಮುಚ್ತೀಯಾ ಅಮ್ಮಾ? ನಾಲ್ಕು ತಿಂಗಳು ಕಲಿತಿದ್ದೆಲ್ಲಾ ದಂಡನಾ?"

"ದಂಡ ಅಲ್ಲ ಕಣೇ. ಎಲ್ಲೂ ಓಡಿಹೋಗಲ್ಲ, ಇಲ್ಲೇ ಕೆಳಗಿರುತ್ತೆ. ನೀನು ಕತ್ತೆತ್ತು."

ಐದನೇ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಪಕ್ಕದ ಸೀಟಿನಲ್ಲಿದ್ದ ದೊಡ್ಡ ಮೇಷ್ಟ್ರ ಕಡೆ ತಿರುಗಿದಳು. ಆಗಲೂ ಗದರಿಕೆ ಬಿಡಲಿಲ್ಲ.

"ಮೋಡದಿಂದ ಹೊರಗೆ ಬರೋಷ್ಟು ಕಲಿಸ್ತೀನಿ ಅಂದಿದ್ರಿ. ಈ ಒಂದು ಬಿಲ್ಲೆ ಯಾವತ್ತು ತೆಗೀಬೇಕು ಅಂತ ನೀವೇ ನೆನಪಿಟ್ಕೊಳ್ಳಿ. ಮರೆತ್ರೋ, ಇನ್ನೂ ಟ್ಯೂಬ್ ಉಳಿದಿದೆ, ನಿಮ್ಮ ಬಾಯಿಗೇ ಅಂಟಿಸ್ತೀನಿ."

ಮೇಷ್ಟ್ರು ನಗಲಿಲ್ಲ, "ಆಯ್ತಕ್ಕಾ" ಅಂದರು. ಅವಳು ಬಾಗಿಲು ಹಾಕಿ ದೂರ ಬಂದು ನಿಂತಳು. ಗಾಜಿನಾಚೆ ಮಗಳ ತಲೆ ಅಭ್ಯಾಸಬಲದಿಂದ ಮತ್ತೆ ಕೆಳಗೆ ಬಗ್ಗಿತು. ಅಲ್ಲಿ ಐದು ಕಪ್ಪು ರಬ್ಬರ್ ಬಿಟ್ಟು ಏನೂ ಇರಲಿಲ್ಲ. ಹುಡುಗಿ ತಲೆ ಎತ್ತಿ, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕೊನೆಗೆ ಅಮ್ಮನನ್ನು ನೋಡಿದಳು.